ತೊಂಬತ್ತಾರು ಅಂಕದ ಕ್ಯಾಮೆರಾ

ಎಪ್ಪತ್ತೊಂಬತ್ತು. ಇಪ್ಪತ್ನಾಲ್ಕು ವರ್ಷ ಮದುವೆ ಫೋಟೋ ತೆಗೆದ ನನಗೆ ಶೋಧನ್ ಕೊಟ್ಟ ಅಂಕ ಅದು. ನಿಮಗಲ್ಲ, ನಿಮ್ಮ ಕ್ಯಾಮೆರಾಕ್ಕೆ ಎಂದು ಆಮೇಲೆ ತಿದ್ದಿಕೊಂಡ. ನನಗೆ ಎರಡೂ ಒಂದೇ ಎನಿಸಿ ಮೈಯೆಲ್ಲ ಉರಿಯಿತು.

ನನ್ನ ಸ್ಟುಡಿಯೋ ಇರುವುದು ಮಡಂತ್ಯಾರು ಪೇಟೆಯಲ್ಲಿ, ಮೆಡಿಕಲ್ ಶಾಪಿನ ಮಹಡಿ ಮೇಲೆ. ಆ ಶನಿವಾರ ಬೆಳಿಗ್ಗೆ ಬೆಳುವಾಯಿಯ ಕಮಲಾಕ್ಷ ಶೆಟ್ಟರು ಮಗಳು ನವ್ಯಾಳೊಂದಿಗೆ ಬಂದಿದ್ದರು. ಅವರ ಊರಿಗೆ ಹತ್ತಿರದ ಮೂಡುಬಿದಿರೆಯಲ್ಲಿ ಬೇಕಾದಷ್ಟು ಸ್ಟುಡಿಯೋ ಇದ್ದರೂ ಅವರ ಮನೆಯ ಫೋಟೋ ಎಂದರೆ ನಾನೇ. ನವ್ಯಾ ಒಂದನೇ ಕ್ಲಾಸಿಗೆ ಸೇರುವಾಗಿನ ಫೋಟೋ ನನ್ನದು. ಶೆಟ್ಟರ ತಾಯಿ ತೀರಿಹೋದಾಗ ಉತ್ತರಕ್ರಿಯೆಗೆ ಇಟ್ಟ ದೊಡ್ಡ ಫೋಟೋ ಮಾಡಿಕೊಟ್ಟವಳೂ ನಾನು. ಅದು ಈಗಲೂ ಅವರ ಮನೆಯ ಚಾವಡಿಯ ಗೋಡೆಯಲ್ಲಿದೆ. ಹೋದ ತಿಂಗಳು ನವ್ಯಾಳ ನಿಶ್ಚಯದ ಆಲ್ಬಮ್ ಮಾಡಿದ್ದೆ. ಹುಡುಗ ಮನೀಷ್ ನಿಶ್ಚಯ ಮುಗಿಸಿ ಮಸ್ಕತ್‌ಗೆ ಹಿಂತಿರುಗಿದ್ದ. ಮದುವೆಯ ಯಜಮಾನಿಕೆಯೆಲ್ಲ ದುಬೈಯಿಂದ ರಜೆಯಲ್ಲಿ ಬಂದಿದ್ದ ಅವನ ಅಣ್ಣ ಶೋಧನ್‌ನದ್ದು. ಆ ಆಲ್ಬಮ್ ಹಿಡಿದುಕೊಂಡು, ಹೆಗಲಿಗೆ ಕ್ಯಾಮೆರಾ ಬ್ಯಾಗ್ ಹಾಕಿಕೊಂಡು ಅವನೂ ಜೊತೆಗೆ ಬಂದಿದ್ದ.

"ಫೋಟೋ ಎಲ್ಲ ಮಂಕು ಬಂದಿದೆ ಮೇಡಂ," ಎಂದು ಆಲ್ಬಮನ್ನು ಮೇಜಿನ ಮೇಲಿಟ್ಟ. "ತಪ್ಪು ನಿಮ್ಮದಲ್ಲ, ಸೆನ್ಸರ್‌ನದ್ದು. ಇಲ್ಲಿ ನೋಡಿ." ಮೊಬೈಲ್ ಮುಂದೆ ಹಿಡಿದ. ಯಾವುದೋ ದೇಶದಲ್ಲಿ ಕೂತು ಕ್ಯಾಮೆರಾಗಳೊಳಗೆ ಬೆಳಕು ಹಿಡಿಯುವ ಸೆನ್ಸರ್‌ಗಳ ಪರೀಕ್ಷೆ ಮಾಡಿ ಅಂಕ ಹಾಕುವವರ ಪಟ್ಟಿ. ನನ್ನದು ತುಂಬ ಕೆಳಗಿತ್ತು. ಅವನು ದುಬೈಯಲ್ಲಿ ಕೊಂಡದ್ದು ಮೇಲಿತ್ತು, ತೊಂಬತ್ತಾರು. "ಮಂಗಳೂರಿನ ಒಂದು ಟೀಮ್ ಹತ್ರ ಇದೇ ಕ್ಯಾಮೆರಾ ಉಂಟು. ಮದುವೆಗೆ ಅವರನ್ನೇ ಮಾಡುವ ಅಂತ."

ಅಂಕ ಸುಳ್ಳೆಂದು ನಾನು ಹೇಳುವವಳಲ್ಲ. ಬಿಳಿ ಮಲ್ಲಿಗೆಯೂ ಕಪ್ಪು ಕೂದಲೂ ಒಂದೇ ಚಿತ್ರದಲ್ಲಿ ಕೆಡದೆ ಬರಬೇಕಾದರೆ ಒಳ್ಳೆಯ ಸೆನ್ಸರ್ ಸಹಾಯ ಮಾಡುತ್ತದೆ. ಬೆಳಕಿಲ್ಲದ ಕಡೆ ಇನ್ನೂ ಹೆಚ್ಚು. ಆದರೆ ಧಾರೆ ಎರೆಯುವ ಆ ಮೂರು ಸೆಕೆಂಡಿನಲ್ಲಿ ಯಾವ ಅತ್ತೆ ಅಡ್ಡ ಬರುತ್ತಾರೆ, ಎಲ್ಲಿ ನಿಂತರೆ ನೀರೂ ಕಾಣುತ್ತದೆ, ಮದುಮಗಳ ಕಣ್ಣೂ ಕಾಣುತ್ತದೆ ಎಂಬುದಕ್ಕೆ ಯಾರು ಅಂಕ ಹಾಕಿದ್ದಾರೆ? ಇದನ್ನೆಲ್ಲ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ.

"ನಿಶ್ಚಯ ಆದದ್ದು ಹನ್ನೊಂದು ಗಂಟೆಗೆ, ಅಂಗಳದಲ್ಲಿ. ಬಿಸಿಲು ಬೇಕಾದಷ್ಟು ಇತ್ತು. ಮಂಕು ಎಲ್ಲಿಂದ ಬರುದು?"

"ಅದೇ ಮೇಡಂ, ಸೆನ್ಸರ್."

ಶೆಟ್ಟರು ಕುರ್ಚಿಯಲ್ಲಿ ಅತ್ತಿತ್ತ ಸರಿದರು. ನನ್ನನ್ನು ಬಿಡಲು ಅವರಿಗೆ ಮನಸ್ಸಿಲ್ಲ, ಹುಡುಗನ ಕಡೆಯವರ ಮಾತು ಮೀರಲು ಧೈರ್ಯವಿಲ್ಲ. ನನ್ನ ಕಡೆ ನೋಡದೆ ಫ್ಯಾನಿನ ಕಡೆ ನೋಡತೊಡಗಿದರು. ನನಗೆ ಅವರ ಮೇಲೂ ಸಿಟ್ಟು ಬಂತು.

ನವ್ಯಾ ನಡುವೆ ಬಾಯಿ ಹಾಕಿದಳು. ಅವಳು ಮೂಡುಬಿದಿರೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು. "ಇಷ್ಟು ಚರ್ಚೆ ಯಾಕೆ ಭಾವ? ಎರಡೂ ಕ್ಯಾಮೆರಾ ಇಲ್ಲೇ ಉಂಟಲ್ಲ. ಪರೀಕ್ಷೆ ಮಾಡುವ. ನನ್ನದೇ ಫೋಟೋ ತೆಗೀರಿ. ಹಿಂದೆ ಗುರುತು ಹಾಕುದು ನಾನು. ಯಾವುದು ಯಾವ ಕ್ಯಾಮೆರಾದ್ದು ಅಂತ ಹೇಳದೆ ನಿಮ್ಮ ಕೈಗೆ ಕೊಡ್ತೇನೆ. ನೀವು ಆರಿಸಿ."

ಶೋಧನ್‌ಗೆ ಖುಷಿಯಾಯಿತು. ಗೆದ್ದೇಬಿಟ್ಟೆ ಎನ್ನುವ ಹಾಗೆ ಬ್ಯಾಗಿನ ಜಿಪ್ ಎಳೆದ.

ನವ್ಯಾಳನ್ನು ಕಿಟಕಿಯ ಪಕ್ಕ ನಿಲ್ಲಿಸಿದೆ. ತಲೆಯಲ್ಲಿ ಒಂದು ಮೊಳ ಮಲ್ಲಿಗೆ ಇತ್ತು. ಬೆಳಕು ಅಳೆದು ಎರಡೂ ಕ್ಯಾಮೆರಾವನ್ನು ಒಂದೇ ರೀತಿ ಹೊಂದಿಸಿದೆ. ಮೊದಲು ನಾನು ತೆಗೆದೆ, ಅದೇ ಜಾಗದಲ್ಲಿ ನಿಂತು ಶೋಧನ್ ತೆಗೆದ. ಏನನ್ನೂ ತಿದ್ದದೆ ಎರಡನ್ನೂ ಪ್ರಿಂಟ್ ಹಾಕಿದೆ. ನವ್ಯಾ ಹಿಂಭಾಗದಲ್ಲಿ ಪೆನ್ಸಿಲಿನಿಂದ ಏನೋ ಬರೆದು, ಬೆನ್ನ ಹಿಂದೆ ಅದಲುಬದಲು ಮಾಡಿ ಅವನ ಮುಂದಿಟ್ಟಳು.

ಅವನು ನೋಡಿದ. ಕಿಟಕಿಯ ಬಳಿ ಒಯ್ದು ನೋಡಿದ. ಕನ್ನಡಕ ತೆಗೆದು ನೋಡಿದ. ನನಗೆ ಒಳಗೊಳಗೇ ನಗು ಬರುತ್ತಿತ್ತು, ಏಕೆಂದರೆ ಅಷ್ಟು ಚಿಕ್ಕ ಪ್ರಿಂಟಿನಲ್ಲಿ ಎರಡರ ನಡುವಿನ ವ್ಯತ್ಯಾಸ ನನಗೂ ತಿಳಿಯುತ್ತಿರಲಿಲ್ಲ.

ಕೊನೆಗೆ ಎರಡನ್ನೂ ಕೆಳಗಿಟ್ಟ. "ಎರಡೂ ಸರಿ ಇಲ್ಲ," ಎಂದ. "ಎರಡರಲ್ಲೂ ಮುಖ ಕಪ್ಪು ಬಂದಿದೆ."

ಮಂಕು ಎಂದರೇನೆಂದು ನನಗೆ ಆಗ ತಿಳಿಯಿತು. ನವ್ಯಾ ಕಪ್ಪು. ಹುಟ್ಟಿದಾಗಿನಿಂದ ಕಪ್ಪು, ಕಪ್ಪಿನಲ್ಲಿ ಚಂದ. ಒಂದು ಗಂಟೆಯಿಂದ ಸೆನ್ಸರ್, ಅಂಕ, ಬೆಳಕು ಎಂದು ಈ ಮನುಷ್ಯ ಮಾತಾಡಿದ್ದೆಲ್ಲ ಈ ಹುಡುಗಿಯ ಬಣ್ಣದ ಬಗ್ಗೆ, ಅದೂ ಅವಳನ್ನು ಎದುರಿಗೆ ಕೂರಿಸಿಕೊಂಡು!

"ಮುಖ ಕಪ್ಪು ಬಂದದ್ದಲ್ಲ ಮಾರಾಯ್ರೆ, ಮುಖ ಇರುದೇ ಹಾಗೆ. ಅದನ್ನು ಬಿಳಿ ಮಾಡುವ ಸೆನ್ಸರ್ ಯಾವ ದೇಶದಲ್ಲಿಯೂ ಇಲ್ಲ. ಇದ್ದರೆ ಅದಕ್ಕೆ ಸೊನ್ನೆ ಅಂಕ ಕೊಡ್ಬೇಕು."

"ಹಾಗಲ್ಲ ಮೇಡಂ, ನಮ್ಮ ಮನೆಯಲ್ಲಿ ಎಲ್ಲರೂ ಸ್ವಲ್ಪ..." ಎಂದು ಅವನು ಅರ್ಧಕ್ಕೆ ನಿಲ್ಲಿಸಿದ.

ಆಗ ಶೆಟ್ಟರು ಮೆಲ್ಲನೆ, "ಸ್ವಲ್ಪ ಬೆಳ್ಳಗೆ ಮಾಡಿ ಕೊಡ್ಲಿಕ್ಕೆ ಆಗುದಿಲ್ವಾ ಪದ್ಮಾಕ್ಷಿ? ನಾಲ್ಕು ಜನ ನೋಡುವ ಆಲ್ಬಮ್," ಎಂದರು. ಶೋಧನ್ ಹೇಳಿದ್ದಕ್ಕಿಂತ ಅದು ಕೆಟ್ಟದಾಗಿ ಕೇಳಿಸಿತು. ಅವನು ಹೊರಗಿನವನು, ಇವರು ಅಪ್ಪ.

ನವ್ಯಾ ಅಪ್ಪನನ್ನು ಒಮ್ಮೆ ನೋಡಿದಳು. ಆಮೇಲೆ ಪ್ರಿಂಟ್‌ಗಳನ್ನು ಮಗುಚಿ ಹಾಕಿದಳು. "ಭಾವ, ಇದು ನಿಮ್ಮ ಕ್ಯಾಮೆರಾದ್ದು. ತೊಂಬತ್ತಾರು ಅಂಕದ್ದು. ನಾನು ಹೀಗೇ ಇದ್ದೇನೆ ಅಂತ ಅದೂ ಹೇಳ್ತಾ ಉಂಟು. ಮನೀಷ್ ನೋಡಿ ಒಪ್ಪಿದ್ದು ಈ ಬಣ್ಣವನ್ನೇ. ನಿಮಗೆ ಬೇರೆ ಬಣ್ಣ ಬೇಕಾದ್ರೆ ಇವತ್ತೇ ಅವರಿಗೆ ಫೋನ್ ಮಾಡಿ ಹೇಳಿ, ಧಾರೆಯ ದಿನದವರೆಗೆ ಕಾಯುದು ಬೇಡ."

ಶೋಧನ್ ಕ್ಯಾಮೆರಾದ ಮುಚ್ಚಳ ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು.

ಶಹಬ್ಬಾಸ್ ಎಂದು ಮನಸ್ಸಿನಲ್ಲೇ ಕುಣಿದೆ. ಅಷ್ಟರಲ್ಲಿ ಅವಳು ನಿಶ್ಚಯದ ಆಲ್ಬಮ್ ತೆರೆದು, ಹೊಸ ಪ್ರಿಂಟನ್ನು ಪಕ್ಕದಲ್ಲಿಟ್ಟು, ನನ್ನತ್ತ ತಿರುಗಿದಳು.

"ಪದ್ಮಾಕ್ಷಿ ಅಕ್ಕ, ಇದರಲ್ಲಿ ನೀವೂ ಬೆಳ್ಳಗೆ ಮಾಡಿದ್ದೀರಿ, ಅಲ್ವಾ?"

ಮಾಡಿದ್ದೆ. ಯಾರೂ ಹೇಳಿರಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಗೆರೆ ಇದೆ, ಅದರ ಮೇಲಿನ ಗುಂಡಿಯನ್ನು ಸ್ವಲ್ಪ ಬಲಕ್ಕೆ ಎಳೆದರೆ ಮುಖ ಬಿಳಿಯಾಗುತ್ತದೆ. ಇಪ್ಪತ್ನಾಲ್ಕು ವರ್ಷದಿಂದ ಒಂದಲ್ಲ ಒಂದು ರೀತಿಯಲ್ಲಿ ಅದನ್ನು ಮಾಡುತ್ತಲೇ ಬಂದಿದ್ದೇನೆ, ಅನ್ನಕ್ಕೆ ಉಪ್ಪು ಹಾಕುವ ಹಾಗೆ, ಯೋಚಿಸದೆ. ನನ್ನ ಗೋಡೆಯ ಮೇಲಿನ ಮದುವಣಗಿತ್ತಿಯರೆಲ್ಲ ಒಂದೇ ಬಣ್ಣ. ಶೋಧನ್‌ನ ಮೇಲೆ ಕಾರಿದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಿತ್ತು.

"ಹೌದು ಮಗಾ," ಎಂದೆ. "ತಪ್ಪಾಯ್ತು."

"ಮದುವೆಗೆ ನೀವೇ ಬನ್ನಿ. ಅದೊಂದು ಮಾಡ್ಬೇಡಿ."

ಅಲ್ಲೇ ಕಂಪ್ಯೂಟರ್ ಮುಂದೆ ಕೂತು ನಿಶ್ಚಯದ ಮೊದಲ ಫೋಟೋ ತೆರೆದೆ. ಗುಂಡಿಯನ್ನು ಎಡಕ್ಕೆ, ಅದರ ಜಾಗಕ್ಕೆ, ಎಳೆದೆ. ಪರದೆಯ ಮೇಲೆ ನವ್ಯಾ ಮೆಲ್ಲನೆ ತನ್ನ ಬಣ್ಣಕ್ಕೆ ಬಂದಳು.

ಶೆಟ್ಟರು ಎದ್ದು ಬಂದು ನನ್ನ ಹಿಂದೆ ನಿಂತರು. ಪರದೆಯತ್ತ ಬಾಗಿದರು. ಆಮೇಲೆ, "ನಮ್ಮ ಅಮ್ಮ ಹೀಗೇ ಇದ್ದದ್ದು," ಎಂದರು. "ಸರೀ ಹೀಗೇ. ಚಾವಡಿಯಲ್ಲಿ ಇರುವ ಫೋಟೋ ನೋಡಿದ್ರೆ ಮಾತ್ರ ಯಾಕೋ ಅಮ್ಮನ ಹಾಗೆ ಕಾಣುದೇ ಇಲ್ಲ. ನನಗೆ ಮರೆತು ಹೋಗಿದೆ ಅಂತ ಗ್ರಹಿಸಿದ್ದೆ."

ನಾನು ಅವರ ಮುಖ ನೋಡಲಿಲ್ಲ.

"ಅದನ್ನೂ ಗೋಡೆಯಿಂದ ಇಳಿಸಿ ತನ್ನಿ ಶೆಟ್ರೇ," ಎಂದೆ.