ಸೊಟ್ಟ ಹೊಲಿಗೆ

ಕಾಗದಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ. ಸಂಜೆ ನಾಲ್ಕಕ್ಕೆ ಗಡುವು. ಮಗಳನ್ನು ವಿಜ್ಞಾನದ ಮೇಷ್ಟ್ರ ತಂಡಕ್ಕೆ ಸೇರಿಸುವುದೋ ಬೇಡವೋ ಎಂದು ಎಂಟು ದಿನದಿಂದ ತಲೆ ಕೆಡಿಸಿಕೊಂಡ ಟೈಲರಮ್ಮ, ಒಬ್ಬ ಗಿರಾಕಿಯ ಅಳತೆಗೆ ಇನ್ನೊಬ್ಬಳ ಬಟ್ಟೆ ಕತ್ತರಿಸಿಟ್ಟಿದ್ದಳು.

ಮಗಳಿಗೆ ಒಂಬತ್ತು ವರ್ಷ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಾಳೆಂದು ಅಜ್ಜಿ ಇಟ್ಟ ಅಡ್ಡಹೆಸರು ಟುವ್ವಿ. ಆದರೆ ಶಾಲೆಯ ಗೇಟು ದಾಟಿದರೆ ಬಾಯಿಗೆ ಬೀಗ. ಹೀಗೆ ಒಂದೂವರೆ ವರ್ಷ. ಗಂಟಲಲ್ಲಿ ಏನೂ ದೋಷವಿಲ್ಲ ಎಂದರು ಡಾಕ್ಟರು. ಬೈದದ್ದಾಯಿತು, ಮುದ್ದು ಮಾಡಿದ್ದಾಯಿತು, ಮಗಳ ಕಾಲು ಹಿಡಿಯುವುದೊಂದು ಬಾಕಿಯಿತ್ತು, ಹೋದ ವಾರ ಅದೂ ಆಯಿತು. ವರ್ಷ ಮುಗಿಯುವುದರೊಳಗೆ ಬಾಯಿ ಬಿಡದಿದ್ದರೆ ಬೇರೆ ಶಾಲೆ ನೋಡಿಕೊಳ್ಳಿ ಎಂದು ಹೆಡ್‌ಮಿಸ್ಸು ಹೇಳಿಬಿಟ್ಟಿದ್ದರು.

ಆಗ ಕರೆದವರು ಈ ಮೇಷ್ಟ್ರು. "ಐದು ಮಕ್ಕಳು, ಒಂದು ಸಮಸ್ಯೆ. ಎರಡನೇ ಮಹಡಿಯಿಂದ ಬಿಟ್ಟ ಮೊಟ್ಟೆ ಒಡೀದೆ ನೆಲ ಮುಟ್ಟಬೇಕು. ದಾರಿ ಅವರೇ ಹುಡುಕ್ಕೋಬೇಕು. ನೀವು ಸಾಮಾನು ಕೊಡಬಹುದು ತಾಯಿ, ಆದರೆ ದೊಡ್ಡವರ ಕೈ ತಾಗಬಾರದು. ಒಂದು ವಾರ ಕೂರಿಸಿ ನೋಡೋಣ, ಆಮೇಲೆ ಸಹಿ ಹಾಕಿ."

ಆ ವಾರ ಇವತ್ತಿಗೆ ಮುಗಿಯಿತು. ಟೈಲರಮ್ಮನಿಗೆ ಮಾತ್ರ ಕಣ್ಣು ಮುಚ್ಚಿದರೆ ಹೋದ ವರ್ಷದ ನಾಟಕವೇ ಕಾಣುತ್ತಿತ್ತು. ವೇದಿಕೆಯ ಮೇಲೆ ಕಂಬದಂತೆ ನಿಂತ ಮಗಳು, ಒದ್ದೆಯಾದ ಲಂಗ, ನಗುವ ಸಭೆ.

"ಮತ್ತೆ ನಕ್ಕರೆ ಏನು ಮಾಡ್ಲಿ ಅತ್ತೆ? ಈ ಸಲ ಪೂರ್ತಿ ಮುದುಡಿಬಿಡ್ತಾಳೆ."

ಅತ್ತೆ ಗುಂಡಿ ಹಚ್ಚುತ್ತ ಕೂತಿದ್ದರು. "ನನ್ನ ಮಗನೂ ಹೀಗೇ ಕಣೆ, ಮದುವೆ ಆಗೋ ತನಕ ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಬಿಡೋಕೆ ನೀನು ಜಾಗ ಕೊಡ್ಲಿಲ್ಲ."

"ನಿಮಗೆ ಎಲ್ಲಾ ತಮಾಷೆ."

"ತಮಾಷೆ ಅಲ್ಲಮ್ಮ. ಯಾರಾದರೂ ಅವಳನ್ನ ಏನಾದರೂ ಕೇಳಿದರೆ ಉತ್ತರ ನಿನ್ನ ಬಾಯಿಂದ ಬರುತ್ತೆ. ಅದನ್ನ ಹೇಳಿದೆ."

ಟೈಲರಮ್ಮ ಸಿಡುಕಿ ಎದ್ದಳು. ಮಗಳು ಸ್ನಾನಕ್ಕೆ ಹೋಗಿದ್ದಳು. ಅವಳ ಚೀಲದಿಂದ ಬಟ್ಟೆಯ ತುದಿಯೊಂದು ಇಣುಕುತ್ತಿತ್ತು. ಎಳೆದು ನೋಡಿದರೆ ಮೊಟ್ಟೆಗೆ ಕಟ್ಟುವ ಪ್ಯಾರಾಶೂಟು. ಅಂಗಡಿಯ ತುಂಡುಬಟ್ಟೆಗಳನ್ನು ಕೈಯಲ್ಲೇ ಸೇರಿಸಿದ್ದಳು. ಹೊಲಿಗೆ ಹಾವು ಹರಿದಂತೆ, ಒಂದು ಕಡೆ ಮೂರು ಬೆರಳು ಅಗಲ, ಇನ್ನೊಂದು ಕಡೆ ಇರುವೆಸಾಲು. ಇದು ಗಾಳಿಯಲ್ಲಿ ಬಿಚ್ಚಿ ಮೊಟ್ಟೆ ಒಡೆದರೆ ನಾಲ್ಕು ಮಕ್ಕಳ ಬೆರಳೂ ನನ್ನ ಮಗಳ ಕಡೆಗೇ ತಿರುಗುತ್ತದಲ್ಲ ಎಂದುಕೊಂಡಳು. ಬ್ಲೇಡು ತಾನಾಗಿ ಕೈಗೆ ಬಂತು. ಹತ್ತು ನಿಮಿಷದಲ್ಲಿ ಎಲ್ಲ ಬಿಚ್ಚಿ, ಮೆಷಿನ್ನಿನಲ್ಲಿ ಜೋಡಿ ಹೊಲಿಗೆ ಹಾಕಿ, ಇಸ್ತ್ರಿಯನ್ನೂ ಎಳೆದುಬಿಟ್ಟಳು.

ಟುವ್ವಿ ತಲೆ ಒರೆಸಿಕೊಳ್ಳುತ್ತ ಬಂದಳು. ಬಟ್ಟೆ ನೋಡಿದಳು. ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಗಟ್ಟಿ ಇರಲಿ ಅಂತ ಪುಟ್ಟಾ..."

ಮಾತಿಲ್ಲ. ತಿಂಡಿಗೆ ಕೂತಾಗಲೂ ಇಲ್ಲ. ಅಜ್ಜಿ ಎರಡು ಸಲ ಕರೆದರೂ ಇಲ್ಲ. ಚೀಲ ಹೆಗಲಿಗೇರಿಸಿ ಹೋಗಿಯೇಬಿಟ್ಟಳು.

"ಉಳಿದಿದ್ದೇ ಇದೊಂದು ಜಾಗ," ಅತ್ತೆ ಸೂಜಿ ಕೆಳಗಿಟ್ಟರು. "ಇಲ್ಲೂ ಬೀಗ ಹಾಕಿಸಿದೆಯಲ್ಲೇ ತಾಯಿ."

ಆ ದಿನ ಮೆಷಿನ್ನು ತುಳಿಯಲು ಅವಳಿಗೆ ಕಾಲೇ ಬರಲಿಲ್ಲ. ಮೂರೂಕಾಲಿಗೆ ಸಹಿಯಿಲ್ಲದ ಕಾಗದ ಹಿಡಿದು ಶಾಲೆಗೆ ಓಡಿದಳು. ಅಂಗಳದಲ್ಲಿ ಮಕ್ಕಳ ನಡುವೆ ಮೇಷ್ಟ್ರು ಆ ಬಟ್ಟೆಯನ್ನು ಬೆಳಕಿಗೆ ಹಿಡಿದಿದ್ದರು.

"ಇದನ್ನ ಹೊಲಿದಿದ್ದು ಯಾರು?"

"ಇವಳೇ ಸಾರ್! ಟೈಲರ್ ಮಗಳಲ್ವಾ!" ಎಂದಳು ಎರಡು ಜಡೆಯ ಬಾಯಿಬಡುಕಿ.

ಟುವ್ವಿ ನೆಲ ನೋಡುತ್ತಿದ್ದಳು. ಟೈಲರಮ್ಮ ಸುಮ್ಮನಿದ್ದಿದ್ದರೆ ಮಗಳು ಎಲ್ಲರೆದುರು ಸುಳ್ಳಿಯಾಗುತ್ತಿದ್ದಳು.

"ನಾನು ಮೇಷ್ಟ್ರೇ. ನನ್ನ ಕೈ ಸುಮ್ಮನಿರಲಿಲ್ಲ. ದಯವಿಟ್ಟು ಅವಳನ್ನ ತೆಗೀಬೇಡಿ. ಬೇಕಾದರೆ ನನ್ನನ್ನ ಗೇಟಿನ ಹೊರಗೆ ನಿಲ್ಲಿಸಿ. ಅವಳಿಗೆ ಇನ್ನೆಲ್ಲೂ ಜಾಗ ಇಲ್ಲ ಮೇಷ್ಟ್ರೇ..."

ಅಂಗಲಾಚುತ್ತಿರುವಾಗಲೇ ಅವಳಿಗೆ ತಿಳಿಯಿತು, ಎಂಟು ದಿನದಿಂದ ಬಗೆಹರಿಯದ್ದು ಬಗೆಹರಿದುಹೋಗಿದೆ.

ಮೇಷ್ಟ್ರು ಗಡಿಯಾರ ನೋಡಿದರು. "ಇದನ್ನ ಹೀಗೆ ಬಿಡೋ ಹಾಗಿಲ್ಲ. ಬಿಚ್ಚಿ ಅವರೇ ಹೊಲಿದರೆ ಆಯ್ತು. ನಾಲ್ಕರ ಬೆಲ್ಲಿಗೆ ಇನ್ನೂ ಅರ್ಧ ಗಂಟೆ ಇದೆ."

ಮಕ್ಕಳು ಬಟ್ಟೆಗೆ ಮುಗಿಬಿದ್ದರು. ಹಲ್ಲಲ್ಲಿ ಕಚ್ಚಿದರು, ಉಗುರಲ್ಲಿ ಕಿತ್ತರು. ಅವಳ ಜೋಡಿ ಹೊಲಿಗೆ ಚಿಂದಿಯಾಯಿತು. ಆಮೇಲೆ ಟುವ್ವಿ ಅಮ್ಮನ ಹತ್ತಿರ ಬಂದು, ಮುಖ ನೋಡದೆ ಕೈ ಚಾಚಿದಳು.

ಟೈಲರಮ್ಮ ಕೊರಳಪಟ್ಟಿಗೆ ಸಿಕ್ಕಿಸಿದ್ದ ಸೂಜಿ ತೆಗೆದಳು, ಜೇಬಿನಿಂದ ದಾರದ ಉಂಡೆ ತೆಗೆದಳು. ರೂಢಿಯಂತೆ ದಾರದ ತುದಿ ತುಟಿಗೆ ಹೋಯಿತು.

"ನಾನೇ ಪೋಣಿಸ್ತೀನಿ."

ಉಸಿರಿಗಿಂತ ಸಣ್ಣ ದನಿ. ಆದರೆ ಶಾಲೆಯ ಅಂಗಳದಲ್ಲಿ.

"ಅಯ್ಯೋ, ಇವಳಿಗೆ ಮಾತು ಬರುತ್ತೆ ಕಣ್ರೋ!" ಎಂದಳು ಬಾಯಿಬಡುಕಿ. ಟುವ್ವಿಯ ಕಿವಿ ಕೆಂಪಾಯಿತು. ಬಾಯಿ ಮತ್ತೆ ಮುಚ್ಚಿತು. ಆದರೆ ಸೂಜಿ ಹಿಡಿದು ಅವರ ನಡುವೆಯೇ ಹೋಗಿ ಕೂತಳು.

ಟೈಲರಮ್ಮ ಕಾಗದವನ್ನು ಗೋಡೆಗಿಟ್ಟು ಸಹಿ ಹಾಕಿದಳು. ತಿರುಗಿ ನೋಡಿದರೆ ದಾರ ಸೂಜಿಯ ಕಣ್ಣು ತಪ್ಪಿಸಿಕೊಳ್ಳುತ್ತಿತ್ತು. ಒಂದು ಸಲ, ಎರಡು ಸಲ, ಮೂರು ಸಲ. ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಒತ್ತಿ ಹಿಡಿದು ನಿಂತಳು.

ಟುವ್ವಿ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ನಾಲ್ಕನೇ ಸಲಕ್ಕೆ ಸೂಜಿ ಎತ್ತಿ ಹಿಡಿದಳು.