ಬಸ್ ತಂಗುದಾಣದ ಸಣ್ಣಕ್ಕ

ಯಶವಂತ ಮೂವತ್ತು ವರ್ಷ ಊರವರ ಮುಖ ಬರೆದೇ ಅನ್ನ ಉಂಡವನು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮನೆಗಳಲ್ಲಿ ತೀರಿಹೋದ ಹಿರಿಯರು ಇದ್ದುದಕ್ಕಿಂತ ಚೆಂದವಾಗಿ ಗೋಡೆ ಮೇಲೆ ಕೂತಿದ್ದರೆ ಅದು ಇವನ ಕೈಚಳಕ. ಹಾಗಾಗಿ ಕೊಪ್ಪದ ಬಸ್ ತಂಗುದಾಣದ ಗೋಡೆಗೆ ಚಿತ್ರ ಬರೆಯುವ ಕೆಲಸವೂ ಅವನಿಗೇ ಬಂತು. ಎಲೆಯಡಿಕೆ ಉಗುಳುವವರ ಕಾಟ ತಪ್ಪಲಿ, ದೇವರನ್ನು ಬರೆ ಎಂದರು ಎಲ್ಲರೂ.

"ದೇವ್ರನ್ನ ಗೋಡೆ ಕಾಯಕ್ಕೆ ನಿಲ್ಸೋದಾ ಮಾರಾಯ್ರೆ? ದುಡಿಯೋರ ಮುಖ ಬರೀತೀನಿ" ಎಂದ ಇವನು. ಆ ಮಾತಿಗೆ ಚಪ್ಪಾಳೆ ಬಿತ್ತು, ಪತ್ರಿಕೆಯಲ್ಲೂ ಬಂತು.

ಹತ್ತಿರದ ನಾರ್ವೆ ಹಳ್ಳಿಯಿಂದ ಕೊಪ್ಪದ ತೋಟಗಳಿಗೆ ಕೂಲಿಗೆ ಬರುತ್ತಿದ್ದ ಸಣ್ಣಕ್ಕ ಮೂರು ದಿನ ಅವನ ಜಗಲಿಯಲ್ಲಿ ಕೂತಳು. "ನನ್ನ ಮುಖ ನೋಡಿ ಯಾರಿಗೆ ಎಂತ ಆಗ್ಬೇಕು?" ಎಂದು ನಗುತ್ತಲೇ, ಮೂರನೆಯ ದಿನ ಟ್ರಂಕಿನಲ್ಲಿಟ್ಟಿದ್ದ ಒಳ್ಳೆಯ ಸೀರೆ ಉಟ್ಟು ಬಂದಳು.

ಚಿತ್ರ ಮುಗಿದು ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ಯಶವಂತ ಶೃಂಗೇರಿ ಬಸ್ಸಿಗೆಂದು ಅಲ್ಲಿಗೆ ಬಂದರೆ, ಸಣ್ಣಕ್ಕ ಬಕೆಟ್ ಇಟ್ಟುಕೊಂಡು ಗೋಡೆ ಉಜ್ಜುತ್ತಿದ್ದಳು. ಚಿತ್ರದಲ್ಲಿದ್ದ ಅವಳ ಕೆನ್ನೆಯ ತುಂಬ ಕೆಂಪು ಉಗುಳು. ತಿಕ್ಕಿ ತಿಕ್ಕಿ ಒಂದು ಹುಬ್ಬು ಆಗಲೇ ಅಳಿಸಿಹೋಗಿತ್ತು.

"ದಿನಾ ಬರ್ತೀಯಾ?"

"ಮೊದಲ್ನೇ ಬಸ್ಸಿಗೆ ಬರ್ತೀನಿ. ನಮ್ಮೂರ ಹೆಂಗಸ್ರು ಎಂಟು ಗಂಟೆ ಬಸ್ಸಿಗೆ ಇಲ್ಲೇ ಇಳೀತಾರೆ. ಅಷ್ಟೊತ್ತಿಗೆ ತೊಳೀಬೇಕಲ್ಲ."

ಯಶವಂತ ಉಗುಳಿದವರನ್ನು ಬೈದುಕೊಂಡು ಪಾರಾಗಬಹುದಿತ್ತು, ಆದರೆ ಮನಸ್ಸು ಬಿಡಬೇಕಲ್ಲ. ಚಿತ್ರಕ್ಕೆ ಮೊದಲು ಹಳೆಯ ಗೋಡೆಗೆ ಬಣ್ಣ ಬಳಿಸಿದವನೇ ಅವನು. ಉಗುಳಿನ ಕಲೆ ಎದೆಮಟ್ಟ ದಾಟುವುದಿಲ್ಲ ಎಂದು ಅವತ್ತೇ ಕಂಡಿದ್ದ. ಕಂಡೂ, ತಂಗುದಾಣ ಕಟ್ಟಿಸಿಕೊಟ್ಟ ಗುತ್ತಿಗೆದಾರರನ್ನು ಮೇಲೆ ಬರೆದ, ಸಣ್ಣಕ್ಕನನ್ನು ಬೆಂಚಿನ ಪಕ್ಕ ಕೆಳಗೆ ಕೂರಿಸಿದ. ಕೂಲಿಯವಳು ನೆಲದ ಹತ್ತಿರ ಇದ್ದರೇ ಸಹಜ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

"ಅಳಿಸಿಬಿಡ್ತೀನಿ ಸಣ್ಣಕ್ಕ. ಇವತ್ತೇ."

"ಅಳಿಸೋದು ಎಂತಕ್ಕೆ? ನಾನೆಂತ ತಪ್ಪು ಮಾಡಿದ್ದು?" ಅವಳು ಬಟ್ಟೆ ಹಿಂಡಿ ಮೇಲೆ ನೋಡಿದಳು. ಗುತ್ತಿಗೆದಾರರ ತಲೆಗಿಂತಲೂ ಎತ್ತರದಲ್ಲಿ ಬಿಳಿ ಅಕ್ಷರಗಳಿದ್ದವು. "ನಂಗೆ ಓದಕ್ಕೆ ಬರಲ್ಲ. ಅಲ್ಲಿ ಎಂತ ಬರ್ದಿದೀರಿ?"

"ನನ್ನ ಹೆಸರು" ಎಂದ ಯಶವಂತ.

"ಹೌದಾ. ಅದು ಮಾತ್ರ ಚೊಕ್ಕ ಉಳ್ದಿದೆ."

ಶೃಂಗೇರಿ ಬಸ್ಸು ಬಂತು, ಹೋಯಿತು. ಯಶವಂತ ಬಗ್ಗಿ ಅವಳ ಕೈಯ ಬಟ್ಟೆಗೆ ಕೈಚಾಚಿದ. ಅವಳು ಕೊಡಲಿಲ್ಲ.