ಪ್ರಭಾಕರರಾಯರ ಪಾಸಿಟಿ

ಮಹಾರಾಷ್ಟ್ರದ ನಿಫಾಡ್ ಶಾಖೆಯ ಬ್ಯಾಂಕ್ ಮ್ಯಾನೇಜರ್ ಪ್ರಭಾಕರರಾಯರಿಗೆ ಇಂಗ್ಲಿಷಿನ ಒಂದು ಶಬ್ದದ ಮೇಲೆ ವಿಪರೀತ ಮೋಹ. ಆ ಶಬ್ದ ಪಾಸಿಟಿ (paucity). ಯಾರೇ ರಜೆ ಕೇಳಲಿ, ಅರ್ಜಿಯ ಅಂಚಿನಲ್ಲಿ ‘ಸಿಬ್ಬಂದಿಯ ಪಾಸಿಟಿ ಇರುವುದರಿಂದ ರಜೆ ಮಂಜೂರಾಗದು’ ಎಂದು ಇಂಗ್ಲಿಷಿನಲ್ಲಿ ದುಂಡಗೆ ಬರೆದು, ಪಾಸಿಟಿಯ ಕೆಳಗೆ ಒಂದು ಗೆರೆ ಎಳೆದು ಸಹಿ ಹಾಕುತ್ತಿದ್ದರು. ಗೆರೆ ಎಳೆಯುವಾಗ ಮುಖದಲ್ಲಿ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡವರ ತೃಪ್ತಿ ಇರುತ್ತಿತ್ತು.

ಅದರ ಅರ್ಥವೇನೆಂದು ನಾಸಿಕದ ಮನೆಯಲ್ಲಿ ಹೆಂಡತಿ ಗೋದಾವರಿ ಒಮ್ಮೆ ಕೇಳಿದ್ದಳು.

“ಅಂದ್ರ ಮಂದಿ ಇಲ್ಲ ಅಂತೇನ್ರಿ?”

“ಇಲ್ಲ ಅಂತಲ್ಲ. ಅದಾರ, ಆದ್ರ ಸಾಲಂಗಿಲ್ಲ ಅಂತ.”

“ಹಂಗಾದ್ರ ಕಡಿಮಿ ಅಂತ ಬರೀರಿ.”

“ಕಡಿಮಿ ಅಂದ್ರ ಎಷ್ಟು ಕಡಿಮಿ ಅಂತ ಕೇಳ್ತಾರ. ಶಾರ್ಟೇಜ್ ಅಂದ್ರ ರೇಶನ್ ಅಂಗಡಿ ನೆನಪಾಗ್ತದ. ಪಾಸಿಟಿ ಅಂದ್ರ ಯಾರೂ ಎದುರು ಮಾತಾಡಂಗಿಲ್ಲ.”

ಅದು ನಿಜವೇ. ಶಾಖೆಯಲ್ಲಿದ್ದವರು ರಾಯರನ್ನೂ ಸೇರಿಸಿ ಐದು ಜನ, ಯಾರೂ ಎದುರು ಮಾತಾಡಿದವರಲ್ಲ. ಜವಾನ ಭುಜಂಗನಂತೂ ಪಾಸಿಟಿಯನ್ನು ದಿಲ್ಲಿಯಿಂದ ಬಂದ ಕಾನೂನೆಂದೇ ನಂಬಿದ್ದ. ಹಿಂದಿನ ಏಪ್ರಿಲ್‌ನಲ್ಲಿ ಎರಡನೇ ಅಧಿಕಾರಿ ಸಾವಿತ್ರಿಬಾಯಿ, ಅಲ್ಲೇ ಹತ್ತಿರದ ವೈಜಾಪುರದಲ್ಲಿ ನಡೆಯಲಿದ್ದ ತಮ್ಮನ ಮದುವೆಗೆ ಮೂರು ದಿನ ರಜೆ ಕೇಳಿದ್ದರು. ಆಕೆ ಅಕ್ಕಲಕೋಟೆಯ ಕಡೆಯವರು, ಕನ್ನಡದವರು, ತಮ್ಮ ಊರ ಕಡೆಯವರೆಂದು ರಾಯರಿಗೆ ಅಭಿಮಾನವೂ ಇತ್ತು. ಅಭಿಮಾನ ಬೇರೆ, ಪಾಸಿಟಿ ಬೇರೆ. ಮುಹೂರ್ತದ ಹೊತ್ತಿಗೆ ಆಕೆ ಕೌಂಟರಿನಲ್ಲಿ ಕೂತು ಠಸ್ಸೆ ಒತ್ತುತ್ತಿದ್ದರು. ಮರುದಿನ ಆಕೆಯ ಮೊಬೈಲಿಗೆ ಬಂದ ಮದುವೆಯ ಫೋಟೋಗಳನ್ನು ನೋಡಿ ರಾಯರು, “ಭಾಳ ಚೊಲೋ ಬಂದಾವ,” ಎಂದು ಹೊಗಳಿದ್ದರು.

ಇಷ್ಟೇ ಅಲ್ಲ. ಇನ್ನೊಬ್ಬ ಕ್ಲರ್ಕನನ್ನು ಕೊಡಿ ಎಂದು ಔರಂಗಾಬಾದಿನ ಪ್ರಾದೇಶಿಕ ಕಚೇರಿಗೆ ತಿಂಗಳಿಗೊಂದು ಪತ್ರ ಹೋಗುತ್ತಿತ್ತು. ಅದರಲ್ಲೂ ಪಾಸಿಟಿ, ಅದರ ಕೆಳಗೂ ಗೆರೆ.

ಹೀಗಿರುವಾಗ ೨೦೧೧ರ ಫೆಬ್ರವರಿಯಲ್ಲಿ ಮಗಳು ಪ್ರಾಚಿಯ ನಿಶ್ಚಿತಾರ್ಥ ನಿಗದಿಯಾಯಿತು. ಕರ್ನಾಟಕದ ವಿಜಾಪುರದಲ್ಲಿ, ಗುರುವಾರ. ರಾಯರು ನಾಲ್ಕು ದಿನ ರಜೆ ಕೇಳಿದರು. ಪ್ರಾದೇಶಿಕ ಕಚೇರಿಯಿಂದ ಎರಡು ಸಾಲಿನ ಉತ್ತರ ಬಂತು: ‘ನಿಫಾಡ್ ಶಾಖೆಯಲ್ಲಿ ಸಿಬ್ಬಂದಿಯ ತೀವ್ರ ಪಾಸಿಟಿ ಇರುವುದರಿಂದ ರಜೆ ಮಂಜೂರಾಗದು.’

ರಾಯರು ಅದನ್ನು ನಾಲ್ಕು ಸಲ ಓದಿದರು. ಎಷ್ಟು ಸಲ ಓದಿದರೂ ಅಲ್ಲಿ ವಾದಕ್ಕೆ ಜಾಗವೇ ಇರಲಿಲ್ಲ. ಇಂಥ ಉತ್ತರ ಕೈಗೆ ಬಂದವರ ಪಾಡು ಏನೆಂದು ಅವರಿಗೆ ಮೊದಲ ಬಾರಿಗೆ ತಿಳಿಯಿತು. ಮನೆಗೆ ಫೋನ್ ಮಾಡಿದರೆ ಗೋದಾವರಿ, “ಬೀಗರ ಕೂಡ ತಾಂಬೂಲ ಬದಲಾಯಿಸ್ಲಿಕ್ಕೆ ಯಾರು ಕೂಡ್ತಾರ್ರಿ, ನಿಮ್ಮ ಪಾಸಿಟಿನೇನು?” ಎಂದು ಕೇಳಿ ಇಟ್ಟುಬಿಟ್ಟಳು.

ಶನಿವಾರ ಬೆಳಿಗ್ಗೆ ಶಾಖೆಯನ್ನು ಸಾವಿತ್ರಿಬಾಯಿಗೆ ಒಪ್ಪಿಸಿ ರಾಯರು ಬಸ್ಸು ಹತ್ತಿದರು. ಬಸ್ಸಿನ ಬೋರ್ಡಿನ ಮೇಲೆ ಔರಂಗಾಬಾದ್ ಎಂದಿತ್ತು, ಕಂಡಕ್ಟರ್ ಅದೇ ಊರನ್ನು ಸಂಭಾಜಿನಗರ ಎಂದು ಕೂಗುತ್ತಿದ್ದ. ಪ್ರಾದೇಶಿಕ ಕಚೇರಿಯಲ್ಲಿ ರಜೆಯ ಕಡತ ನೋಡುವವರು ಬಸವಕಲ್ಯಾಣದ ಮನ್ಮಥಪ್ಪ. ಚಹಾ ತರಿಸಿದರು, ಊರಿನ ಸುದ್ದಿ ಕೇಳಿದರು, ಆಮೇಲೆ ದಪ್ಪನೆಯ ಒಂದು ಕಡತ ತೆಗೆದು ರಾಯರ ಮುಂದಿಟ್ಟರು. ಎಲ್ಲವೂ ರಾಯರದೇ ಪತ್ರ.

“ಮೂವತ್ತೊಂದು ಅದಾವ್ರಿ. ಮಂದಿ ಸಾಲಂಗಿಲ್ಲ ಅಂತ ಮೂವತ್ತೊಂದು ಸಲ ನೀವ ಬರದೀರಿ. ಈಗ ನಾಲ್ಕು ದಿನ ಬಿಟ್ಟು ಹೋಗ್ತೀನಂತೀರಿ. ನಾ ಯಾವುದನ್ನ ನಂಬ್ಲಿ?”

“ಅದು ಹಂಗಲ್ಲರಿ ಮನ್ಮಥಪ್ಪನವರ. ಬರಿಯೋ ಪದ್ಧತಿ ಅದು.”

“ಪದ್ಧತಿ ನಮಗೂ ಬರ್ತದ್ರಿ. ನಿಮ್ಮಿಂದನ ಕಲತೀವಿ. ತೀವ್ರ ಅನ್ನೋದೊಂದು ನಾವು ಸೇರಿಸಿದ್ದು.”

ರಾಯರು ಚಹಾ ಕುಡಿಯುವುದನ್ನೇ ಮರೆತರು. ಕೊನೆಗೆ ಮನ್ಮಥಪ್ಪನವರೇ ದಾರಿ ತೋರಿಸಿದರು. ಶಾಖೆಯಲ್ಲಿ ಸಿಬ್ಬಂದಿಯ ಪಾಸಿಟಿ ಇಲ್ಲವೆಂದು ರಾಯರೇ ಬರೆದು ಕೊಡಬೇಕು. ಅದರ ಕೆಳಗೆ, ನಾಲ್ಕು ದಿನ ಶಾಖೆಯ ಚಾರ್ಜ್ ವಹಿಸಿಕೊಳ್ಳಲು ಒಪ್ಪಿಗೆ ಇದೆ ಎಂದು ಸಾವಿತ್ರಿಬಾಯಿ ಸಹಿ ಮಾಡಬೇಕು. ಸೋಮವಾರ ಫ್ಯಾಕ್ಸ್ ಬಂದರೆ ಸಂಜೆಯೊಳಗೆ ಮಂಜೂರಾತಿ.

“ಹೊಸಾ ಕ್ಲರ್ಕನ್ನ ಮಾತ್ರ ಮರತಬಿಡ್ರಿ,” ಎಂದು ಮನ್ಮಥಪ್ಪ ನಕ್ಕರು.

ಕ್ಲರ್ಕ್ ಹಾಳಾಗಿ ಹೋಗಲಿ ಎಂದುಕೊಂಡರು ರಾಯರು. ಅವರ ಎದೆಯ ಮೇಲೆ ಕೂತಿದ್ದು ಸಾವಿತ್ರಿಬಾಯಿಯ ಸಹಿ. ಭಾನುವಾರವೆಲ್ಲ ಆ ಒಂದು ವಾಕ್ಯವನ್ನು ಬರೆದು ಹರಿದು, ಬರೆದು ಹರಿದು ಮಾಡಿದರು. ‘ಪಾಸಿಟಿ ಅಷ್ಟಾಗಿ ಇಲ್ಲ’ ಎಂದರು, ‘ತಾತ್ಕಾಲಿಕವಾಗಿ ಇಲ್ಲ’ ಎಂದರು. ಹೇಗೆ ತಿರುಗಿಸಿದರೂ ಹಿಂದಿನ ಮೂವತ್ತೊಂದು ಪತ್ರ ಸುಳ್ಳಾಗುತ್ತಿದ್ದವು. ಕಡೆಗೆ ಇಲ್ಲ ಎಂದೇ ಬರೆದರು. ಗೆರೆ ಎಳೆಯಲಿಲ್ಲ.

ಸೋಮವಾರ ಶಾಖೆಗೆ ಬಂದು ನೋಡಿದರೆ ಶನಿವಾರದ ಕೆಲಸ ಒಂದೂ ಬಾಕಿ ಉಳಿದಿರಲಿಲ್ಲ. ಇದರಿಂದ ಸಂತೋಷವಾಗಬೇಕಿತ್ತು, ರಾಯರಿಗೆ ಇನ್ನಷ್ಟು ಸಂಕಟವಾಯಿತು. ಯಾರನ್ನೂ ಅವರ ಟೇಬಲ್ಲಿಗೆ ಹೋಗಿ ಮಾತಾಡಿಸದ ಮ್ಯಾನೇಜರು ತಾವೇ ಎದ್ದು ಹೋಗಿ ಗಿರಾಕಿಗಳ ಸಾಲಿನ ಮುಂದೆ ನಿಂತು ಸಾವಿತ್ರಿಬಾಯಿಯ ಕೌಂಟರಿನ ಮೇಲೆ ಪತ್ರವಿಟ್ಟರು.

“ಒಂದು ಸಹಿ ಬೇಕಾಗಿತ್ರಿ ಬಾಯಿ. ಪ್ರಾಚಿದು ನಿಶ್ಚಯ ಅದ, ಗುರುವಾರ.”

ಸಾವಿತ್ರಿಬಾಯಿ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ಚಹಾ ಹಂಚುತ್ತಿದ್ದ ಭುಜಂಗ ಅಲ್ಲೇ ನಿಂತುಕೊಂಡ.

“ನಮ್ಮ ಬ್ರಾಂಚಿನಾಗ ಪಾಸಿಟಿ ಇಲ್ಲ ಅಂತ ಬರದೀರಿ.”

“ಹೌದ್ರಿ.”

“ಯಾವಾಗಿಂದ ಇಲ್ರಿ, ಸರ?”

ರಾಯರ ಕಿವಿ ನಾಚಿಕೆಯಿಂದ ಬಿಸಿಯಾಯಿತು. ಇಂಗ್ಲಿಷಿನಲ್ಲಿ ಹುಡುಕಿದರು, ಕನ್ನಡದಲ್ಲಿ ಹುಡುಕಿದರು. ಇಂಥ ಪ್ರಶ್ನೆಗೆ ಹೇಳಬಹುದಾದ ಒಂದು ಶಬ್ದವೂ ಸಿಗಲಿಲ್ಲ. ಭುಜಂಗ ತಲೆಯೆತ್ತಿ ಫ್ಯಾನು ನೋಡತೊಡಗಿದ.

ಸಾವಿತ್ರಿಬಾಯಿ ಹೆಚ್ಚು ಹೊತ್ತು ಕಾಯಿಸಲಿಲ್ಲ. ಸಹಿ ಮಾಡಿ, ತಾರೀಖು ಹಾಕಿ ಪತ್ರ ಮುಂದೆ ಚಾಚಿದರು.

“ಹೋಗಿ ಬರ್ರಿ, ಸರ. ಮಗಳ ನಿಶ್ಚಯ ಒಂದ ಸಲ ಆಗ್ತದ.”

“ದೊಡ್ಡ ಉಪಕಾರ ಆತ್ರಿ ಬಾಯಿ,” ಎಂದರು ರಾಯರು. ಹೋದ ಜೀವ ಬಂದಂತಾಗಿತ್ತು.

“ನಮ್ಮ ತಮ್ಮನ ಮದುವಿನೂ ಒಂದ ಸಲನ ಆಗಿತ್ರಿ,” ಎಂದರು ಸಾವಿತ್ರಿಬಾಯಿ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ರಾಯರು ಪತ್ರ ಹಿಡಿದುಕೊಂಡು ನಿಂತೇ ಇದ್ದರು. ಆಕೆ ಅವರ ಪಕ್ಕದಿಂದ ಬಾಗಿ ನೋಡಿ, ಸಾಲಿನಲ್ಲಿ ನಿಂತಿದ್ದ ಮುದುಕನನ್ನು ಮುಂದೆ ಬರುವಂತೆ ಕರೆದರು.